ಲೆಕ್ಕಕ್ಕೆ ಸೇರದ ಮೂರು ದಿನ

ಹೋದ ತಿಂಗಳು ಹದಿನೆಂಟನೇ ತಾರೀಖು, ಭಾನುವಾರ, ಮಳವಳ್ಳಿಯಿಂದ ಮದ್ದೂರಿಗೆ ಹೊರಟ ಬಸ್ಸು ಊರು ಇನ್ನೂ ಮೂರು ಮೈಲಿ ಇರುವಾಗ ಪಂಚರ್ ಆಗಿ ನಿಂತಿತು. ಬೆಳಿಗ್ಗೆ ಏಳೂಕಾಲು. ಚಕ್ರ ಬಿಚ್ಚುವವರೆಗೆ ಎಲ್ಲರೂ ಇಳಿದು ರಸ್ತೆಯ ಬದಿಗೆ ನಿಂತೆವು. ಎರಡು ಕಡೆಯೂ ಹಾಲು ತುಂಬುತ್ತಿದ್ದ ಭತ್ತ. ಆ ಹಂತದ ಪೈರಿಗೆ ಒಂದು ವಾಸನೆ ಇದೆ. ಹಸಿ ಹುಲ್ಲಿನದಲ್ಲ, ಅಕ್ಕಿಯದೂ ಅಲ್ಲ. ಹಾಲು ಕರೆದ ಪಾತ್ರೆಯನ್ನು ತೊಳೆದ ನೀರಿನಂಥದು. ಮಂಜು ಏಳುವ ಹೊತ್ತಿಗೆ ಅದು ನೆಲದಿಂದ ಮೇಲಕ್ಕೆ ಬರುತ್ತದೆ.

ಗದ್ದೆಯ ನಡುವಿನ ಅಟ್ಟಣೆಯಿಂದ ಒಬ್ಬ ಹೆಂಗಸು ಹಕ್ಕಿ ಓಡಿಸಲು ಕೂಗಿದಳು. "ಹೋ... ಹೋಯ್!" ರಾಟವಾಳದ ಒಂದು ಹಿಂಡು ಎದ್ದು, ಸುತ್ತು ಹಾಕಿ, ಪಕ್ಕದ ಗದ್ದೆಗೆ ಇಳಿಯಿತು. ನನಗೆ ತಿಳಿಯದೆಯೇ ಕೈಗಡಿಯಾರ ನೋಡಿದೆ. ಮುಂದಿನ ಕೂಗು ಎರಡು ನಿಮಿಷ ನಲವತ್ತು ಸೆಕೆಂಡಿಗೆ ಬಂತು. ಅದರ ಮುಂದಿನದು ಒಂದು ನಿಮಿಷ ಐವತ್ತಕ್ಕೆ. ಸದ್ಯ, ಇವಳ ಕೂಗಿಗೆ ಯಾರೂ ಲೆಕ್ಕ ಇಟ್ಟಿಲ್ಲ ಅಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಅಲ್ಲಿ ನಿಲ್ಲಲಾಗದೆ ಬಸ್ಸಿನೊಳಗೆ ಹೋಗಿ ಕುಳಿತೆ.

ನನ್ನ ಹಳೆಯ ಲೆಕ್ಕದ ಪುಸ್ತಕಗಳು ಮಂಡ್ಯದ ಮನೆಯ ಅಟ್ಟದಲ್ಲಿದ್ದವು. ಆ ದಿನವೇ ಹೋಗಿ, ಹನ್ನೊಂದು ವರ್ಷ ಹಿಂದಿನ, 1973ರ ಪುಸ್ತಕವನ್ನು ತೆಗೆದೆ.

ಆ ವರ್ಷ ನನಗೆ ಇಪ್ಪತ್ತೆರಡು. ಹೊಳಲಿನಿಂದ ಆಚೆ ನಾಲ್ಕು ಎಕರೆಯ ಒಂದು ಬೀಜದ ತೋಟದಲ್ಲಿ ನನ್ನ ಮೊದಲ ಕೆಲಸ. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಿಂದ ತಂದ ಭತ್ತದ ತಳಿಗಳನ್ನು ಅಲ್ಲಿ ಬೆಳೆದು ನೋಡುತ್ತಿದ್ದರು. ಎಷ್ಟು ದಿನಕ್ಕೆ ತೆನೆ ಒಡೆಯಿತು, ಬುಡಕ್ಕೆ ಎಷ್ಟು ಮರಿಪೈರು, ಎಷ್ಟು ಮಳೆ, ಇವನ್ನೆಲ್ಲ ಬರೆಯುವುದು ನನ್ನ ಪಾಲಿಗೆ. ಮಂಡ್ಯದಿಂದ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಅಪ್ಪ ಮೇಷ್ಟರಾಗಿದ್ದವರು, ಹಾಜರಿ ಪುಸ್ತಕದಲ್ಲಿ ಅವರು ಒಂದು ದಿನವೂ ತಿದ್ದಿ ಬರೆದವರಲ್ಲ. ಆ ಗುಣ ನನಗೂ ಬಂದಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಗದ್ದೆಯ ಆಳುಗಳು ನನ್ನನ್ನು 'ಲೆಕ್ಕದ ಸ್ವಾಮಿ' ಎನ್ನುತ್ತಿದ್ದರು.

ಆಗಸ್ಟ್ 21ರ ಸಾಲು ಹೀಗಿದೆ: 'ಮೋಡ. ಕಳೆ ಕೀಳುವವರು ಹದಿಮೂರು ಜನ. ಹೊಸಬಳು ಒಬ್ಬಳು. ಹಾಡುತ್ತಾಳೆ. ಹತ್ತು ಗಂಟೆಗೆ ಉಳಿದ ಹನ್ನೆರಡು ಜನರ ಕೈ ನಿಂತಿತ್ತು.'

ಆ ಹೊಸಬಳು ಚಿಕ್ಕತಾಯಮ್ಮ. ಮೂವತ್ತೆಂಟರ ಆಸುಪಾಸು, ಉದ್ದಕ್ಕೆ ತೆಳ್ಳಗಿದ್ದರು. ಅಂದು ನಾನು ಗದರಿಸುವುದಕ್ಕೆಂದೇ ಬದುವಿನ ಮೇಲೆ ಹೋದವನು. ಅವರು ಬಗ್ಗಿ ಕಳೆ ಕೀಳುತ್ತಲೇ ಹಾಡುತ್ತಿದ್ದರು. ಬಗ್ಗಿದ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಹೊರಡುತ್ತದೆ ಎಂದು ತಿಳಿಯದೆ ನಿಂತೆ. ಸಿಹಿಯಾದ ಕಂಠವಲ್ಲ. ಒಂದು ಬದಿ ಸ್ವಲ್ಪ ಒಡೆದಂತಿತ್ತು. ಆ ಒಡಕಿನಲ್ಲೇ ಏನೋ ಹರಿದು ಬರುತ್ತಿತ್ತು.

*ಬೇಲಿಯಿಲ್ಲದ ಹೊಲಕೆ ಬಂದ್ಯಲ್ಲೊ ಹಕ್ಕೀ*
*ಕಾಯೋನೆಲ್ಲಿಗೆ ಹೋದನೋ*

"ಸ್ವಾಮೇರು ಬಂದವ್ರೆ, ಬಾಯ್ ಮುಚ್ಕಳಿ ಕಣ್ರಮ್ಮೀ," ಎಂದು ಮಾದಮ್ಮ ಎಂಬ ದಪ್ಪ ಹೆಂಗಸು ಎಲ್ಲರನ್ನೂ ಎಚ್ಚರಿಸಿದಳು.

"ಹಾಡಲಿ ಬಿಡಿ," ಅಂದೆ. "ಕೈಯೂ ಆಡಲಿ."

"ಕೈ ಆಡುದ್ರೆ ಕಿವಿ ಆಡಕಿಲ್ಲ, ಸ್ವಾಮಿ," ಎಂದಳು ಮಾದಮ್ಮ. ಎಲ್ಲರೂ ನಕ್ಕರು. ಚಿಕ್ಕತಾಯಮ್ಮ ನಗಲಿಲ್ಲ, ಹಾಡನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು.

ಅವರ ಕತೆ ಮುಂದಿನ ಕೆಲವು ವಾರಗಳಲ್ಲಿ ತುಂಡುತುಂಡಾಗಿ ಸಿಕ್ಕಿತು. ಮಳವಳ್ಳಿ ಕಡೆಯವರು. ತಂದೆ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದವರು. ಹದಿನಾಲ್ಕನೆಯ ವಯಸ್ಸಿಗೆ ಮಗಳು ಒಂದು ನಾಟಕದ ಕಂಪನಿ ಸೇರಿದಳು. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಿ ಡೇರೆ ಹಾಕಿದರೂ ಗೋಡೆಗಳ ಮೇಲೆ 'ಮಳವಳ್ಳಿ ಕೋಗಿಲೆ' ಎಂದು ದಪ್ಪ ಅಕ್ಷರ. ಹಾಡು ಮುಗಿದ ಮೇಲೆ ಇನ್ನೊಮ್ಮೆ ಎಂದು ಜನ ಕೂಗಿ, ಸತ್ತು ಬಿದ್ದಿದ್ದ ಪಾತ್ರವೂ ಎದ್ದು ಕುಳಿತು ಕಾಯಬೇಕಾಗುತ್ತಿತ್ತಂತೆ. ಹಾರ್ಮೋನಿಯಂ ಮೇಷ್ಟರೊಬ್ಬರ ಜೊತೆ ಸಂಸಾರ. ಒಬ್ಬ ಮಗ. ನಾಟಕ ನಡೆಯುವಾಗ ಆ ಮಗು ವೇಷದ ಪೆಟ್ಟಿಗೆಯ ಮೇಲೆ ಮಲಗುತ್ತಿತ್ತು. ನಾಲ್ಕು ವರ್ಷ ತುಂಬುವ ಮೊದಲು, ಮಳವಳ್ಳಿಯಲ್ಲೇ ಕಂಪನಿ ಇದ್ದಾಗ, ಎರಡು ದಿನದ ಜ್ವರದಲ್ಲಿ ಹೋಯಿತು.

"ಅವತ್ತು ಆಟ ಇತ್ತು," ಎಂದು ಒಮ್ಮೆ ಅವರೇ ಹೇಳಿದರು. "ಟಿಕೇಟು ಮಾರಾಗ್ಬುಟ್ಟದೆ, ಒಂದೇ ಒಂದು ಪದ ಏಳ್ಬುಡು ಚಿಕ್ಕತಾಯಿ ಅಂದ್ರು. ಏಳ್ದೆ ಸ್ವಾಮಿ. ಇನ್ನೊಂದ್ಸಲ ಅಂತ ಜನ ಕೂಗುದ್ರು. ಅದ್ನೂ ಏಳ್ದೆ."

ಆಮೇಲೆ ರಂಗದ ಹಾಡು ಅವರಿಗೆ ಬಾರದೇ ಹೋಯಿತು. ಶುರುಮಾಡಿ, ಅರ್ಧಕ್ಕೆ ನಿಂತು, ಪರದೆಯ ಹಿಂದಕ್ಕೆ ನಡೆದುಬಿಡುತ್ತಿದ್ದರು. ಕುಡಿಯುವುದನ್ನೂ ಕಲಿತರು. ಕಂಪನಿ ಬಿಡಿಸಿತು, ಮೇಷ್ಟರು ಬಿಟ್ಟರು. ಕೊನೆಗೆ ಹೊಳಲಿನ ಹತ್ತಿರ ದೂರದ ನೆಂಟರ ಗುಡಿಸಲಿಗೆ ಬಂದು ಸೇರಿದಾಗ ಅವರ ಬಳಿ ಉಳಿದಿದ್ದದ್ದು ತಂದೆಯ ತತ್ವಪದಗಳು ಮಾತ್ರ. ಅವನ್ನು ಹಾಡುವಾಗ ಮಧ್ಯೆ ನಿಲ್ಲುತ್ತಿರಲಿಲ್ಲ. ಯಾರಾದರೂ ಎದುರಿಗೆ ಬಂದು ನಿಂತರೆ ಮಾತ್ರ ನಿಲ್ಲುತ್ತಿದ್ದರು.

ಸೆಪ್ಟೆಂಬರಿನಲ್ಲಿ, ಮಧ್ಯಾಹ್ನ ಆಳುಗಳು ಹೊಂಗೆ ಮರದಡಿ ಮುದ್ದೆ ಉಣ್ಣುವ ಹೊತ್ತಿನಲ್ಲಿ, ನಾನು ಆ ಪದಗಳನ್ನು ಬರೆದುಕೊಳ್ಳತೊಡಗಿದೆ. ಪುಸ್ತಕದ ಹಿಂಬದಿಯಿಂದ ಶುರುಮಾಡಿದೆ. ತಿಂಗಳ ಕೊನೆಗೆ ನಲವತ್ತೊಂದು ಪದ. ಎಲ್ಲಕ್ಕೂ ಕ್ರಮಸಂಖ್ಯೆ, ಎಷ್ಟು ನುಡಿ, ಯಾವ ದಿನ ಹೇಳಿದ್ದು ಎಂಬುದು ಇದೆ. ಮೈಸೂರಿನ ರೇಡಿಯೊದವರಿಗೆ ಒಂದು ಅರ್ಜಿಯನ್ನೂ ನಾನೇ ಬರೆದೆ. ಚಿಕ್ಕತಾಯಮ್ಮ ಹೆಬ್ಬೆಟ್ಟು ಒತ್ತಿದರು.

"ಯಾರ್ ಕೇಳಾರು ಸ್ವಾಮಿ ನನ್ ಪದವ?"

"ಮನೆಮನೆಯಲ್ಲೂ ಕೇಳ್ತಾರೆ. ನೀವು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಒಂದು ಕೋಣೆ, ಒಂದು ಮೈಕು, ಅಷ್ಟೇ."

ಆ ಮಾತು ಅವರಿಗೆ ನಾಟಿತು. ಮುಖ ನೋಡದೆ ಹಾಡುವುದು. ಅಂದಿನಿಂದ ಸಾರಾಯಿ ಬಿಟ್ಟರು. ಮಾದಮ್ಮ ಅದಕ್ಕೆ ಸಾಕ್ಷಿ. ಮಂಗಳವಾರದ ಸಂತೆಯಿಂದ ಇಬ್ಬರೂ ಒಟ್ಟಿಗೇ ಬರುತ್ತಿದ್ದರು. ಅಕ್ಟೋಬರ್ 19ಕ್ಕೆ ಉತ್ತರ ಬಂತು: ಧ್ವನಿ ಪರೀಕ್ಷೆ ನವೆಂಬರ್ 27, ಮಂಗಳವಾರ, ಹನ್ನೊಂದು ಗಂಟೆ. ಚಿಕ್ಕತಾಯಮ್ಮ ಆ ಕಾಗದವನ್ನು ಮಡಿಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಓದಲು ಬರದಿದ್ದರೂ ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದರು.

ಅಕ್ಟೋಬರ್ ಕೊನೆಗೆ ಭತ್ತಕ್ಕೆ ಹಾಲು ಬಂತು, ಹಕ್ಕಿಯೂ ಬಂತು. ನಮ್ಮ ಸಾಹೇಬರಿಗೆ ಒಂದು ಯೋಚನೆ ಹೊಳೆಯಿತು. ಹಕ್ಕಿ ಓಡಿಸಲು ಡಬ್ಬ ಬಡಿಯುವುದು ಮೇಲೋ, ಕವಣೆ ಬೀಸುವುದು ಮೇಲೋ, ಬರಿಯ ಕೂಗು ಸಾಕೋ, ಪರೀಕ್ಷೆ ಮಾಡಿ ನೋಡೋಣ ಎಂದರು. ಇಪ್ಪತ್ತೊಂದು ದಿನ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಮೂರರಿಂದ ಆರು. ಕೂಗಾಗಲಿ ಕವಣೆಯಾಗಲಿ ಡಬ್ಬವಾಗಲಿ ಎರಡು ನಿಮಿಷಕ್ಕೊಮ್ಮೆ. ಮೂರು ಗದ್ದೆಗೆ ಮೂವರು: ಚಿಕ್ಕತಾಯಮ್ಮ, ಮಾದಮ್ಮ, ಬೋರಯ್ಯ ಎಂಬ ಮುದುಕ. ಪ್ರತಿ ಗದ್ದೆಯಲ್ಲೂ ನೂರು ತೆನೆಗಳಿಗೆ ದಾರ ಕಟ್ಟಿ, ಎಷ್ಟು ಕಾಳು ಹೋಯಿತೆಂದು ನಾನು ಎಣಿಸಬೇಕು. ಯಾರಿಗೆ ಯಾವ ಕೆಲಸ ಎಂಬುದನ್ನು ನಮ್ಮಿಷ್ಟದಂತೆ ಹಂಚಿದರೆ ಪಕ್ಷಪಾತವಾಗುತ್ತದೆ, ಚೀಟಿ ಎತ್ತಿಸಬೇಕು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಸಾಹೇಬರು ಒಪ್ಪಿದರು.

ನವೆಂಬರ್ 2ರಂದು ಸಾಹೇಬರ ಟೋಪಿಯಲ್ಲಿ ಮೂರು ಚೀಟಿ ಹಾಕಿದೆ. ಬೋರಯ್ಯನಿಗೆ ಕವಣೆ ಬಂತು. ಮಾದಮ್ಮನಿಗೆ ಡಬ್ಬ. ಚಿಕ್ಕತಾಯಮ್ಮನಿಗೆ ಕೂಗು.

ರಾಜ್ಯದ ಹೆಸರು ಬದಲಾದ ವಾರ ಅದು. ಅಚ್ಚಾದ ಪುಸ್ತಕದ ತಲೆಯ ಮೇಲೆ 'ಮೈಸೂರು ರಾಜ್ಯ' ಎಂದಿದ್ದುದನ್ನು ಕೆಂಪು ಮಸಿಯಲ್ಲಿ ಹೊಡೆದು ಪ್ರತಿ ಪುಟದಲ್ಲೂ 'ಕರ್ನಾಟಕ' ಎಂದು ಬರೆದೆ. ಆ ಕೆಂಪು ಮಸಿಯ ಕುಡಿಕೆ ತೆರೆದೇ ಇತ್ತು.

ಶನಿವಾರ, 3ರಂದು ಶುರು. ಹಕ್ಕಿಗಳಿಗೆ ಭಾನುವಾರವಿಲ್ಲವಾದ್ದರಿಂದ ನಮಗೂ ಇರಲಿಲ್ಲ. ಚಿಕ್ಕತಾಯಮ್ಮನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಎರಡು ನಿಮಿಷ ಹೇಗೆ ತಿಳಿಯುತ್ತೀರಿ ಎಂದು ಕೇಳಿದೆ.

"ಒಂದು ನುಡಿಯ ಮನ್ಸಲ್ಲೇ ನಿಧಾನ್ಕೆ ಏಳ್ಕತೀನಿ. ಮುಗುದೇಟ್ಗೆ ಕೂಗ್ತೀನಿ."

ಗಡಿಯಾರ ಹಿಡಿದು ನೋಡಿದೆ. ಐದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. ಮೆಚ್ಚಿ ಬರೆದುಕೊಂಡೆ. ಮನಸ್ಸಿನಲ್ಲಿ ಒಂದು ನುಡಿ, ಬಾಯಲ್ಲಿ ಒಂದು ಕೂಗು. ಗಂಟೆಗೆ ಮೂವತ್ತು, ದಿನಕ್ಕೆ ನೂರ ಎಂಬತ್ತು.

ಐದನೆಯ ದಿನ ಅವರು ನನ್ನ ಬಳಿ ಬಂದರು. ದನಿ ಆಗಲೇ ದಪ್ಪಗಾಗಿತ್ತು. "ಸ್ವಾಮಿ, ನಂಗೆ ಡಬ್ಬ ಕೊಡಿ. ಗಂಟ್ಲು ಕಟ್ತಾ ಅದೆ."

ಹಿಂದೆಯೇ ಮಾದಮ್ಮ. "ನಾ ಕೂಗ್ತೀನಿ ಬುಡಿ ಸ್ವಾಮಿ. ನನ್ ಗಂಟ್ಲೇನು ರೇಡಿಯೋಗೋಯ್ತದಾ? ನನ್ ಗಂಡನ್ನ ಕೂಗಿ ಕೂಗಿ ಅಭ್ಯಾಸ ಆಗ್ಬುಟ್ಟದೆ."

ನಾನು ನಗಲಿಲ್ಲ. "ಚೀಟಿ ಎತ್ತಾಗಿದೆ. ಮಧ್ಯೆ ಬದಲಾಯಿಸಿದರೆ ಲೆಕ್ಕ ಕೆಟ್ಟುಹೋಗುತ್ತೆ. 23ಕ್ಕೆ ಮುಗಿಯುತ್ತಲ್ಲ, ಆಮೇಲೆ ಮೂರು ದಿನ ಪೂರ್ತಿ ಗಂಟಲಿಗೆ ವಿರಾಮ."

"ಅಯ್ಯೋ, ಹಕ್ಕಿಗೇನ್ ಗೊತ್ತು ಸ್ವಾಮಿ ಯಾರ ಚೀಟಿ ಯಾರ್ದು ಅಂತ?" ಎಂದಳು ಮಾದಮ್ಮ.

ಚಿಕ್ಕತಾಯಮ್ಮ ಅವಳ ಕೈ ಹಿಡಿದು ಎಳೆದರು. "ಸುಮ್ಕಿರಕ್ಕ. ಅರ್ಜಿ ಬರ್ಕೊಟ್ಟೋರೇ ಅವರು. ಅವರ್ ಮಾತ ಎಂಗೆ ಮೀರಾನೆ?"

ಹನ್ನೊಂದನೇ ತಾರೀಖು ನನಗೆ ಜ್ವರ ಬಂತು. ಎರಡು ದಿನ ಎದ್ದು ಹೋಗಲಾಗಲಿಲ್ಲ. ಪ್ರತಿ ಕೂಗಿಗೂ ಒಂದೊಂದು ಗೆರೆ ಹಾಕಿಡುವಂತೆ ಬೋರಯ್ಯನಿಗೆ ಹೇಳಿಕಳಿಸಿದ್ದೆ. ಹದಿಮೂರರ ಸಂಜೆ ಜ್ವರ ಇಳಿದು, ಸೈಕಲ್ಲನ್ನು ನಾಲೆಯ ಏರಿಯ ಮೇಲೆ ನಿಲ್ಲಿಸಿ ನಡೆದು ಹೊರಟೆ. ತುಂತುರು ಬಂದು ನಿಂತಿತ್ತು. ಬಿಸಿಲು ಅಡ್ಡಡ್ಡ ಬಿದ್ದು ಇಡೀ ಗದ್ದೆ ಹಳದಿ ಹಸಿರಾಗಿತ್ತು.

ಕೂಗು ಕೇಳಿಸಿತು. ಮಾದಮ್ಮನ ದನಿ. ಆ ಕಡೆಯ ಅಟ್ಟಣೆಯಿಂದ ಡಬ್ಬದ ಸದ್ದು, ಅದರ ಜೊತೆಗೆ ಹಾಡು.

ಡಬ್ಬವನ್ನು ಚಿಕ್ಕತಾಯಮ್ಮ ಎರಡು ನಿಮಿಷಕ್ಕೊಮ್ಮೆ ಬಡಿಯುತ್ತಿರಲಿಲ್ಲ. ತಾಳವಾಗಿ ಬಡಿಯುತ್ತಿದ್ದರು. ದನಿಯನ್ನು ತಗ್ಗಿಸಿ, ಗಂಟಲಿಗೆ ನೋವಾಗದಂತೆ, ಮಗುವನ್ನು ತಟ್ಟಿ ಮಲಗಿಸುವ ಹಾಗೆ ಹಾಡುತ್ತಿದ್ದರು. ಮೊದಲ ದಿನ ಕೇಳಿದ್ದ ಅದೇ ಪದ, ಹದಿನೇಳನೇ ಸಂಖ್ಯೆಯದು. ಅಂದು ನನ್ನನ್ನು ಕಂಡು ಅರ್ಧಕ್ಕೆ ನಿಂತದ್ದು.

*ಕಾಯೋನೇ ಉಂಡೆದ್ದು ಹೋದ ಮೇಲೆ ಹಕ್ಕೀ*
*ನೀ ತಿಂದದ್ಯಾವ ಲೆಕ್ಕವೋ*

ನಾನು ಬದುವಿನ ಮೇಲೆ ತೆನೆಗಳ ಮರೆಯಲ್ಲಿ ನಿಂತುಬಿಟ್ಟೆ. ಒಡಕಿನ ಬದಿಯಿಂದ ದನಿ ಮೇಲಕ್ಕೆ ಏರಿ, ಅಲ್ಲೇ ತಡೆದು, ಇಳಿಯುತ್ತಿತ್ತು. ಅದು ದುಃಖದ ಹಾಡೆಂದು ಹೇಳಲಾರೆ. ಅಳು ಮುಗಿದು ಮುಖ ತೊಳೆದ ಮೇಲೆ ಇರುವಂಥದು. ರಾಟವಾಳಗಳು ಅಟ್ಟಣೆಯ ಹತ್ತಿರದ ತೆನೆಗಳಲ್ಲೇ ಕುಳಿತು ಕಾಳು ಹಿಸುಕುತ್ತಿದ್ದವು. ಯಾರೂ ಅವನ್ನು ಓಡಿಸುತ್ತಿರಲಿಲ್ಲ. ನಾನೂ ಓಡಿಸಲಿಲ್ಲ.

ಹಾಡು ಮುಗಿದಾಗ ಗಡಿಯಾರ ನೋಡಿದೆ. ಹನ್ನೊಂದು ನಿಮಿಷ ನಿಂತಿದ್ದೆ.

ಆಮೇಲೆ ಹೋಗಿ ಬೈದೆ.

ಹನ್ನೊಂದನೇ ತಾರೀಖಿನಿಂದಲೇ ಬದಲಾಯಿಸಿಕೊಂಡಿದ್ದೇವೆ ಎಂದು ಮಾದಮ್ಮ ಒಪ್ಪಿಕೊಂಡಳು. "ಮೂರು ದಿನದ ಲೆಕ್ಕವೂ ಹಾಳು," ಎಂದೆ. "ಇಪ್ಪತ್ತೊಂದು ದಿನ ಆಗಲೇಬೇಕು. ಮೂರು ದಿನ ಕೊನೆಗೆ ಸೇರಿಸ್ತೀನಿ."

ಬೋರಯ್ಯ ಕವಣೆ ಸುತ್ತುತ್ತಾ ಬೆರಳು ಮಡಿಸಿ ಎಣಿಸಿದ. "ಅಂಗಾರೆ ಇಪ್ಪತ್ತಾರಕ್ಕೆ ಮುಗೀತದೆ. ಇಪ್ಪತ್ತೇಳಕ್ಕಲ್ವಾ ಈವಮ್ಮ ಮೈಸೂರ್ಗೋಗೋದು?"

ನನಗೂ ಅದು ಹೊಳೆದಿತ್ತು. ಸುಳ್ಳು ಬರೆಯಲಾರೆ. ಎಣಿಸಿ ಹೊಳೆದ ಮೇಲೂ ನಾನು ಬದಲಾಯಿಸಲಿಲ್ಲ.

"ಆಗ್ಲಿ ಬುಡಿ," ಎಂದರು ಚಿಕ್ಕತಾಯಮ್ಮ. "ತಪ್ಪು ನಂದೇ. ಲೆಕ್ಕ ಕೆಡೋದ್ ಬ್ಯಾಡ." ಡಬ್ಬವನ್ನು ಮಾದಮ್ಮನಿಗೆ ಕೊಟ್ಟು, ಗದ್ದೆ ದಾಟಿ ತಮ್ಮ ಅಟ್ಟಣೆ ಹತ್ತಿದರು. ನಾನು ಹೊರಡುವಾಗ ಕೂಗುತ್ತಿದ್ದರು. ಆ ರಾತ್ರಿ ಮನೆಯಲ್ಲಿ ಪುಸ್ತಕ ತೆರೆದು, ಮೂರು ದಿನದ ಸಾಲುಗಳ ಮೇಲೆ ಕೆಂಪು ಗೆರೆ ಎಳೆದೆ.

ಆಮೇಲಿನ ಹದಿಮೂರು ದಿನಗಳ ಪುಟಗಳು ತುಂಬ ಚೊಕ್ಕವಾಗಿವೆ. ಒಂದು ಕಡೆಯೂ ತಿದ್ದಿಲ್ಲ. ಒಟ್ಟು ಕೂಗು ಮೂರು ಸಾವಿರದ ಏಳುನೂರ ಎಂಬತ್ತು. ಕೊನೆಯ ದಿನಗಳ ಕೂಗು ಗದ್ದೆಯ ಅಂಚಿನವರೆಗೂ ಮುಟ್ಟುತ್ತಿರಲಿಲ್ಲ; 'ಕ್ಷೀಣ' ಎಂದು ಷರಾ ಬರೆದಿದ್ದೇನೆ.

ಇಪ್ಪತ್ತೇಳರ ಬೆಳಿಗ್ಗೆ ನಾನು ಮಂಡ್ಯದಲ್ಲಿ ಪ್ಯಾಸೆಂಜರ್ ಹತ್ತಿದೆ; ಯಲಿಯೂರು ಸ್ಟೇಷನ್ನಿನಲ್ಲಿ ಅವರು ಸೇರಿಕೊಂಡರು. ಮಾದಮ್ಮ ಕೊಟ್ಟಿದ್ದ ಹೊಸ ಸೀರೆ. ದಾರಿಯುದ್ದಕ್ಕೂ ಮೆಣಸು ಬೆಲ್ಲ ಬಾಯಲ್ಲಿಟ್ಟುಕೊಂಡು ಮಾತಿಲ್ಲದೆ ಕುಳಿತಿದ್ದರು. ರೇಡಿಯೊದವರು ಒಳ್ಳೆಯ ಜನ. ಗಾಜಿನ ಆಚೆಗೆ ನನ್ನನ್ನೂ ಕೂರಿಸಿದರು. ಚಿಕ್ಕತಾಯಮ್ಮ ಮೈಕಿನ ಎದುರು ನಿಂತು ಕಣ್ಣು ಮುಚ್ಚಿದರು. ಬಾಯಿ ತೆರೆದರು. ಗಾಳಿ ಬಂತು. ಗಾಳಿಯ ನಡುವೆ ಒಂದೆರಡು ಕಡೆ ದನಿಯ ಚೂರು. ಬಿಸಿನೀರು ತರಿಸಿಕೊಟ್ಟು, ಅರ್ಧ ಗಂಟೆ ಕಾದು, ಇನ್ನೊಮ್ಮೆ ಕೇಳಿದರು. 'ಬೇಲಿಯಿಲ್ಲದ' ಎಂಬಲ್ಲಿಗೆ ನಿಂತಿತು. ಆರು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಿ ಎಂದು ಅವರೇ ಬಾಗಿಲವರೆಗೆ ಬಂದು ಹೇಳಿದರು.

ವಾಪಸು ಬರುವಾಗ ರೈಲು ಶ್ರೀರಂಗಪಟ್ಟಣದ ಸೇತುವೆ ದಾಟುತ್ತಿತ್ತು. ಅವರು ನನ್ನ ಕಡೆ ತಿರುಗಿ ಪಿಸುದನಿಯಲ್ಲಿ ಏನೋ ಕೇಳಿದರು. ಸದ್ದಿನಲ್ಲಿ ಕೇಳಿಸಲಿಲ್ಲ. ಬಗ್ಗಿದೆ.

"ಲೆಕ್ಕ ಸರ್ಯಾಯ್ತಾ ಸ್ವಾಮಿ?"

"ಆಯಿತು," ಅಂದೆ.

ಡಿಸೆಂಬರ್ ಎರಡನೇ ವಾರ ಕೂಡಿ ಕಳೆದು ಪಟ್ಟಿ ಮಾಡಿ ಸಾಹೇಬರ ಮುಂದಿಟ್ಟೆ. ಕವಣೆ, ಡಬ್ಬ, ಕೂಗು: ಮೂರರಲ್ಲೂ ಹೋದ ಕಾಳು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಗಣನೆಗೆ ಬರುವಷ್ಟಿರಲಿಲ್ಲ.

"ಹಾಗಂತಲೇ ಬರೆದುಬಿಡಿ," ಎಂದರು ಸಾಹೇಬರು. ಆಮೇಲೆ ಆ ಮೂರು ಕೆಂಪು ಗೆರೆಗಳನ್ನು ನೋಡಿ ವಿಷಯ ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮೊದಲೇ ನನಗೆ ಹೇಳಬಾರದಿತ್ತೇನಯ್ಯ? ಇನ್ನೊಂದು ಸಲ ಚೀಟಿ ಎತ್ತಿಸಿ ಶುರುಮಾಡಬಹುದಿತ್ತು. ಹಕ್ಕಿ ಬರೋ ವರ್ಷ ಇನ್ನೆಷ್ಟಿಲ್ಲ."

ಆ ಚಳಿಗಾಲ ಕಳೆದರೂ ದನಿ ತಿರುಗಿ ಬರಲಿಲ್ಲ. ಗಂಟಲೊಳಗೆ ಗಂಟಾಗಿದೆ ಎಂದು ಮಂಡ್ಯದ ಡಾಕ್ಟರು ಹೇಳಿದರು. ಆರು ತಿಂಗಳಿಗೆ ನಾನು ಅರ್ಜಿಯನ್ನು ಬರೆದಿಟ್ಟಿದ್ದೆ, ಹೆಬ್ಬೆಟ್ಟು ಒತ್ತುವವರು ಇರಲಿಲ್ಲ. ಮಳವಳ್ಳಿಯ ತಂಗಿಯ ಮನೆಗೆ ಹೊರಟುಹೋದರು ಎಂದು ಮಾದಮ್ಮ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಈ ವರ್ಷ ಏಪ್ರಿಲಿನಲ್ಲಿ ನನಗೆ ಮಳವಳ್ಳಿಗೇ ವರ್ಗವಾಯಿತು. ಎಂಟು ತಿಂಗಳು ಅದೇ ಊರಿನಲ್ಲಿದ್ದೂ ನಾನು ಹುಡುಕಲಿಲ್ಲ. ಬಸ್ಸು ಪಂಚರ್ ಆದ ಮುಂದಿನ ಭಾನುವಾರ, 25ರಂದು, ಹಳೆಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ವಿಚಾರಿಸುತ್ತಾ ಹೋದೆ. ಕಾಲು ಗಂಟೆಯೂ ಹಿಡಿಯಲಿಲ್ಲ.

ಹೆಂಚಿನ ಮನೆ. ಒಳಗೆಲ್ಲ ರೇಷ್ಮೆ ಹುಳದ ತಟ್ಟೆಗಳು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಮನೆ ತುಂಬಿತ್ತು. ಚಿಕ್ಕತಾಯಮ್ಮ ಸೊಪ್ಪು ಹರಡುತ್ತಿದ್ದರು. ಕೂದಲು ಪೂರ್ತಿ ನರೆತಿತ್ತು. ತಂಗಿ ನನ್ನನ್ನು ಅನುಮಾನದಿಂದ ನೋಡಿ, "ಅಕ್ಕಂಗೆ ದನಿ ಇಲ್ಲ ಸ್ವಾಮಿ. ಪಿಸುಪಿಸು ಅಂತಾಳೆ. ಹತ್ರಕ್ಕೋಗಿ ಕೇಳ್ಕಳಿ," ಎಂದಳು.

ಅವರು ಗುರುತು ಹಿಡಿದರು. ಬೈಯಲಿಲ್ಲ, ಅಳಲೂ ಇಲ್ಲ. ಮಾದಮ್ಮನನ್ನು ಕೇಳಿದರು. ನನಗೆ ಮದುವೆ ಆಯಿತೇ ಎಂದು ಕೇಳಿದರು. ಆಮೇಲೆ ಪುಸ್ತಕವನ್ನು ತೋರಿಸಿ, "ಅದೇಯಾ?" ಎಂದರು.

"ಅದೇ. ನಿಮ್ಮ ಪದಗಳೂ ಇದರಲ್ಲೇ ಇವೆ. ಓದಲೇ?"

ಹದಿನೇಳನೆಯದನ್ನು ಓದಿದೆ. ನಾನು ಓದಿದರೆ ಅದು ದಿನಸಿ ಪಟ್ಟಿಯಂತಿತ್ತು. ರಾಗ ಬರೆದುಕೊಳ್ಳಲು ನನಗೆ ಬಂದಿರಲಿಲ್ಲ; ನಲವತ್ತೊಂದರಲ್ಲಿ ಒಂದಕ್ಕೂ ಇಲ್ಲ. ಅವರು ಕಣ್ಣು ಮುಚ್ಚಿ ತಟ್ಟೆಯ ಅಂಚನ್ನು ಬೆರಳಿನಿಂದ ಬಡಿಯತೊಡಗಿದರು. ನನ್ನ ಓದು ತಾಳಕ್ಕೆ ಸೇರದೆ ಹಿಂದೆ ಬಿತ್ತು. ನಿಲ್ಲಿಸಿದೆ. ಅವರ ಬೆರಳು ಇನ್ನೂ ಸ್ವಲ್ಪ ಹೊತ್ತು ಆಡಿತು.

"ಆ ಮೂರು ದಿವ್ಸ," ಎಂದರು. ನಾನು ಹತ್ತಿರಕ್ಕೆ ಸರಿದೆ. "ಡಬ್ಬ ಬಡ್ದಿದ್ನಲ್ಲ, ಅದ್ನ ಬರ್ದಿದ್ದೀರಾ?"

"ಬರ್ದಿದೀನಿ."

"ಓದಿ."

ಪುಟ ತಿರುವಿದೆ. "ನವೆಂಬರ್ 13, ಮಂಗಳವಾರ. ತುಂತುರು, ಆಮೇಲೆ ಬಿಸಿಲು. ಕೂಗು: ಮಾದಮ್ಮ. ಡಬ್ಬ: ಚಿಕ್ಕತಾಯಮ್ಮ. ಸಂಜೆ ನಾಲ್ಕು ಹತ್ತರಿಂದ ನಾಲ್ಕು ಇಪ್ಪತ್ತೊಂದರವರೆಗೆ ಹಾಡು ಕೇಳಿಸಿತು." ಆ ಸಾಲಿನಲ್ಲಿ ಇನ್ನೂ ಎರಡು ಮಾತು ಉಳಿದಿದ್ದವು: 'ಲೆಕ್ಕಕ್ಕೆ ಸೇರಿಸಿಲ್ಲ.' ಅವನ್ನು ಓದಲಿಲ್ಲ.

ಅವರು ಒಂದು ಹಿಡಿ ಸೊಪ್ಪು ತೆಗೆದು ತಟ್ಟೆಯ ಮೇಲೆ ಹರಡಿದರು. ಹುಳಗಳು ಅದಕ್ಕೆ ಏರಿದವು.

"ಅವತ್ತಿಂದೀಚ್ಗೆ ಪದ ಏಳಿಲ್ಲ ಸ್ವಾಮಿ," ಎಂದರು. "ಅದೇ ಕಡೇದು. ಹಕ್ಕಿ ಬುಟ್ರೆ ಯಾರೂ ಕೇಳ್ಲಿಲ್ವಲ್ಲ ಅಂತ ಇತ್ತು. ಅಂಗಾರೆ ನಿಮ್ಗೆ ಕೇಳ್ಸಿತ್ತು ಅನ್ನಿ."

"ಕೇಳಿಸಿತ್ತು," ಅಂದೆ.

ಅವರು ಪುಸ್ತಕದ ಮೇಲೆ ಕೈಯಿಟ್ಟು, ನಾನು ಓದಿದ ಸಾಲು ಯಾವುದೆಂದು ಕೇಳಿ, ಅದನ್ನು ಬೆರಳಿನಿಂದ ಸವರಿದರು. ಅದರ ಮೇಲಿದ್ದ ಕೆಂಪು ಗೆರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.